ಕಬ್ಬಿನ ಸೀಮೆಯ ಹೂನೊಣ

(ಬನಹಟ್ಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ದತ್ತಿ ಉಪನ್ಯಾಸವೆಂದರೆ ಈ ಭಾಗದಲ್ಲಿ ವಚನ, ಜಾನಪದ, ಅದಿಲ್ಲದಿದ್ದರೆ ರನ್ನ. ಮುಧೋಳದ ಮಗ್ಗುಲಲ್ಲೇ ಕೂತು ರನ್ನನನ್ನು ಬಿಟ್ಟು ನೊಣದ ವಿಷಯ ಹೇಳಿ ಎಂದ ಸಂಘಟಕರ ಧೈರ್ಯವನ್ನು ಮೊದಲು ಮೆಚ್ಚಬೇಕು. ಇದು ಸಂತೆಯಲ್ಲಿ ಬೆಲ್ಲದ ಪೆಂಟೆಗೆ ಮುತ್ತುವ ನೊಣವಲ್ಲ. ಹೊಲದಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತುಬಿಡುವ, ಹಳದಿ-ಕಪ್ಪು ಪಟ್ಟೆಯ ಸಣ್ಣ ನೊಣ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಸಿರ್ಫಿಡ್ ನೊಣ ಎಂದಿರುತ್ತದೆ. ನಾನು ಹೂನೊಣ ಎನ್ನುತ್ತೇನೆ. ಇದರ ಮರಿ ಬೆಳೆಯ ಹೇನನ್ನು ತಿಂದು ಬದುಕುತ್ತದೆ. ನಾವು ಹೇನಿಗೆಂದು ಹೊಡೆಯುವ ಎಣ್ಣಿಗೆ ಮೊದಲು ಸಾಯುವುದೂ ಬಹಳ ಸಲ ಇದೇ. ನನ್ನ ಮಾತಿನ ತಿರುಳು ಇಷ್ಟೇ. ಉಳಿದದ್ದು ಅದರ ವಿವರ.

ನಡುವಯಸ್ಸು ದಾಟಿದ ಕಬ್ಬಿನ ರೈತರಿಗೆ 2002 ನೆನಪಿರಬೇಕು. ಆ ವರ್ಷದ ಮಳೆಗಾಲದಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿತು. ವರ್ಷ ಮುಗಿಯುವುದರೊಳಗೆ ಬೆಳಗಾವಿ ಜಿಲ್ಲೆಗೆ ಇಳಿಯಿತು, ಅಲ್ಲಿಂದ ಕೃಷ್ಣೆ-ಘಟಪ್ರಭೆಯ ದಂಡೆ ಹಿಡಿದು ನಮ್ಮ ಕಡೆಗೂ ಬಂತು. ಹೇನು ಹೊಸದೇನಲ್ಲ. ಜಾವಾದ ಕಬ್ಬಿನಲ್ಲಿ ಸಿಕ್ಕ ಇದನ್ನು 1897ರಲ್ಲೇ ಜೆಂಟ್ನರ್ ಎಂಬ ವಿಜ್ಞಾನಿ ವರ್ಣಿಸಿದ್ದ. ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲಿಯೂ ಇತ್ತು. ದಖ್ಖನಿನ ಕಬ್ಬಿಗೆ ಮಾತ್ರ ಹೊಸ ನೆಂಟ. ಇಲ್ಲಿ ಅದಕ್ಕೆ ಸಿಕ್ಕಿದ್ದು ಸಾಲುಸಾಲು ಕಾರ್ಖಾನೆಗಳ ಸುತ್ತ ಎಡೆಬಿಡದೆ ಹಬ್ಬಿದ ಕಬ್ಬು.

ಎಲೆಯ ಕೆಳಮಗ್ಗುಲಿಗೆ ಅರಳೆ ಅಂಟಿಸಿದ ಹಾಗೆ ಬಿಳಿ ಮೇಣ. ಅದರೊಳಗೆ ಸಾವಿರಾರು ಹೇನು, ಎಲ್ಲವೂ ಎಲೆಗೆ ಸೊಂಡಿಲು ಚುಚ್ಚಿ ರಸ ಹೀರುತ್ತಿರುತ್ತವೆ. ಹೀರಿದ ರಸದಲ್ಲಿ ಸಕ್ಕರೆ ಹೆಚ್ಚು, ಹೇನಿಗೆ ಬೇಕಾದ ಸಾರಜನಕ ಕಡಿಮೆ. ಹೆಚ್ಚಾದ ಸಕ್ಕರೆಯನ್ನು ಅಂಟುನೀರಾಗಿ ಹಿಂದಿನಿಂದ ಬಿಟ್ಟುಬಿಡುತ್ತದೆ. ಅದು ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮೇಲೆ ಬಿಳಿ, ಕೆಳಗೆ ಕಪ್ಪು. ನಡುವೆ ಹಾಯ್ದು ಬಂದವನ ಅಂಗಿಯ ಮೇಲೆ ಎರಡೂ. ಆಳೆತ್ತರ ದಾಟಿ ಬಿದ್ದುಕೊಂಡ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಆದರೂ ಹೊಡೆದರು. ಕ್ಲೋರ್‌ಪೈರಿಫಾಸ್ ಹೊಡೆದರು, ಫೋರೇಟ್ ಹರಳು ಎರಚಿದರು. ಆ ಫೋರೇಟ್ 2020ರ ಕೊನೆಯಿಂದ ದೇಶದಲ್ಲಿ ನಿಷೇಧವಾಗಿದೆ.

ಹೇನನ್ನು ಕೊನೆಗೆ ಹಿಡಿತಕ್ಕೆ ತಂದದ್ದು ಪಂಪಲ್ಲ, ಹುಳುಗಳು. ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ, ಮತ್ತು ಯೂಪಿಯೋಡಿಸ್ ಎಂಬ ಹೂನೊಣ. ಮೂರೂ ಕಬ್ಬಿನ ಮೇಲೆ ತಾವಾಗಿಯೇ ಬಂದು ಬೀಡುಬಿಟ್ಟವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೈಕ್ರೋಮಸ್ಸನ್ನು ನೆರಳುಬಲೆಯೊಳಗೆ ಹೇನು ಹತ್ತಿದ ಕಬ್ಬಿನ ಮೇಲೇ ಸಾಕಿ ಹೊಲಗಳಿಗೆ ಕೊಟ್ಟರು. ಹೆಕ್ಟೇರಿಗೆ 1000 ಡೈಫಾ ಇಲ್ಲವೆ 2500 ಮೈಕ್ರೋಮಸ್ ಬಿಡಬೇಕೆಂಬುದು ಆಗಿನ ಶಿಫಾರಸು. ಮುಂದೆ ಅಸ್ಸಾಂ ಕಡೆಯಿಂದ ತಂದ ಎನ್‌ಕಾರ್ಸಿಯಾ ಎಂಬ ಚುಕ್ಕೆಗಾತ್ರದ ಕಣಜವೂ ಜೊತೆಗೂಡಿತು. ಹೇನು ಇಂದಿಗೂ ಇದೆ. ಅಲ್ಲೊಂದು ಇಲ್ಲೊಂದು ಹೊಲದಲ್ಲಿ ತಲೆ ಎತ್ತುತ್ತದೆ, ಬೆನ್ನಿಗೇ ಈ ಹುಳುಗಳು ಬರುತ್ತವೆ, ತಗ್ಗುತ್ತದೆ.

ಹೂನೊಣದ ಮೇಲೆ ಉಪನ್ಯಾಸ ಕೊಡುವವನು ಹೂನೊಣವನ್ನೇ ನಾಯಕ ಮಾಡಬೇಕೆಂಬ ಆಸೆ ಸಹಜ. ಆದರೆ ಕಬ್ಬಿನ ಆ ಕತೆಯಲ್ಲಿ ಹೂನೊಣದ್ದು ಮೂರನೆಯ ಪಾತ್ರ. ಡೈಫಾ, ಮೈಕ್ರೋಮಸ್ ಮುಂದೆ. ಅದಕ್ಕೊಂದು ಸ್ವಾರಸ್ಯದ ಹಿನ್ನೆಲೆ ಇದೆ. ಜಪಾನಿನ ಶಿಗೆಯುಕಿ ಅಓಕಿ ಎಂಬ ಕೀಟಶಾಸ್ತ್ರಜ್ಞ, ಹೇನುಗಳಲ್ಲೂ ಸೈನಿಕರಿದ್ದಾರೆಂದು ಜಗತ್ತಿಗೆ ಮೊದಲು ತೋರಿಸಿದವರು. ಅವರೂ ಸಂಗಡಿಗರೂ 1984ರಲ್ಲಿ ಇದೇ ಕಬ್ಬಿನ ಉಣ್ಣೆ ಹೇನಿನ ಬಗ್ಗೆ ಬರೆದರು: ಆಗತಾನೆ ಹುಟ್ಟಿದ ಹೇನಿನ ಮರಿಗಳ ಹಣೆಯಲ್ಲಿ ಎರಡು ಸಣ್ಣ ಕೊಂಬು ಇರುತ್ತವೆ. ವೈರಿ ಬಂದರೆ ಮರಿಗಳು ಓಡುವುದಿಲ್ಲ, ಅದರ ಮೈಗೆ ಅಪ್ಪಿಕೊಂಡು ಕೊಂಬಿನಿಂದ ಇರಿಯುತ್ತವೆ. ಕಾಲಿಲ್ಲದ, ಮೆತ್ತನೆಯ ಹೂನೊಣದ ಮರಿಗೆ ಇಂಥ ಕೋಟೆಗೆ ನುಗ್ಗುವುದು ಸುಲಭವಲ್ಲ. ಡೈಫಾ ಮರಿ ರೇಷ್ಮೆಯ ಜಾಲ ಹೆಣೆದುಕೊಂಡು ಅದರ ಮರೆಯಲ್ಲಿ ಉಣ್ಣುತ್ತದೆ.

ಹಾಗಾದರೆ ಹೂನೊಣದ ಸ್ವಂತ ರಾಜ್ಯ ಯಾವುದು? ಕಪ್ಪು ಮಣ್ಣಿನ ಹಿಂಗಾರಿ ಹೊಲ. ಕುಸುಬಿ, ಅಲಸಂದಿ, ಬಿಳಿಜೋಳ, ಗೋವಿನಜೋಳ, ಗೋಧಿ. ನೀರಾವರಿ ಬಂದ ಮೇಲೆ ಕೃಷ್ಣೆಯ ದಂಡೆಗೆ ಕಬ್ಬು, ಅರಿಷಿಣ ತುಂಬಿದರೂ ಬೀಳಗಿ ಕಡೆಯ ಎರಿಹೊಲಗಳಲ್ಲಿ ಈ ಪೈರುಗಳನ್ನು ಇನ್ನೂ ಕಾಣುತ್ತೇವೆ. ಕುಸುಬಿಯ ಕಪ್ಪು ಹೇನು ಗೊತ್ತಿಲ್ಲದವರಿಲ್ಲ. ತಡವಾಗಿ ಬಿತ್ತಿದ ಕುಸುಬಿಗೆ ಅದು ಹತ್ತಿತೆಂದರೆ ದಂಟು, ಎಲೆ, ಮೊಗ್ಗು ಎಲ್ಲಾ ಕಪ್ಪು. ಅಂಥ ಗಿಡದ ಬಳಿ ಬೆಳಗಿನ ಎಳೆಬಿಸಿಲಲ್ಲಿ ನಿಲ್ಲಿ. ಇಷ್ಟೊಂದು ನೊಣ ಇಷ್ಟು ದಿನ ಎಲ್ಲಿದ್ದವು ಎನಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಇಶಿಯೋಡಾನ್ ಸ್ಕ್ಯುಟೆಲ್ಲಾರಿಸ್ ಎಂಬ ತೆಳುಮೈಯ ಜಾತಿ. ಅದರ ಜೊತೆಗೆ ಗಿಡ್ಡನೆಯ ಪ್ಯಾರಾಗಸ್.

ಗುರುತು ಹೇಳುತ್ತೇನೆ. ಪಟ್ಟೆ ನೋಡಿ ಇದನ್ನು ಜೇನೆಂದೋ ಕಣಜವೆಂದೋ ತಿಳಿಯುವವರೇ ಹೆಚ್ಚು, ಹಕ್ಕಿಗಳೂ ಹಾಗೇ ತಿಳಿಯಲಿ ಎಂಬುದಕ್ಕೇ ಆ ವೇಷ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಚುಚ್ಚಲು ಮುಳ್ಳೇ ಇಲ್ಲ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹಿಂದಿನ ಜೋಡಿ ಸವೆದು ಎರಡು ಸಣ್ಣ ಗುಂಡಿಗಳಾಗಿವೆ, ಹಾರುವಾಗ ಮೈಯ ತೂಕ ಕಾಯುವುದು ಅವುಗಳ ಕೆಲಸ. ಮೀಸೆ ಬಲು ಚಿಕ್ಕದು, ತಲೆಯ ತುಂಬ ಕಣ್ಣು. ಇವುಗಳಿಗಿಂತ ನಂಬಿಕೆಯ ಗುರುತು ಹಾರಾಟದ್ದು. ಇದ್ದಲ್ಲೇ ತೂಗಿ ನಿಂತು, ಗಕ್ಕನೆ ಗೇಣು ಪಕ್ಕಕ್ಕೆ ಸರಿದು, ಮತ್ತೆ ತೂಗಿ ನಿಲ್ಲುವುದು ಇದೊಂದಕ್ಕೇ ಸಾಧ್ಯ ಎನ್ನುವಷ್ಟು ಚೆಂದ.

ದೊಡ್ಡ ನೊಣ ಹೇನು ಮುಟ್ಟುವುದಿಲ್ಲ. ಅದರ ಊಟ ಮಕರಂದ, ಪರಾಗ. ಹೆಣ್ಣಿಗೆ ಪರಾಗ ಸಿಗದಿದ್ದರೆ ಮೊಟ್ಟೆ ಬಲಿಯುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಪರಾಗ ತಿಂದ ಹೆಣ್ಣು ಹೇನಿನ ಅಂಟುನೀರಿನ ವಾಸನೆ ಹಿಡಿದು ಬಂದು ಗುಂಪಿನ ಪಕ್ಕದಲ್ಲೇ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಬಿಳಿಯ, ಉದ್ದನೆಯ, ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಮೊಟ್ಟೆ. ಇಡುವುದರಲ್ಲೂ ಲೆಕ್ಕಾಚಾರ ಉಂಟು. ಆಗಲೇ ಬೇರೆ ಮರಿಗಳು ಉಣ್ಣುತ್ತಿರುವ ಗುಂಪನ್ನು ಕೆಲವು ಜಾತಿಯ ತಾಯಿನೊಣಗಳು ಬಿಟ್ಟು ಮುಂದೆ ಹೋಗುತ್ತವೆ. ಮರಿ ಬೆಳೆಯುವ ತನಕ ಉಣ್ಣಲು ಸಾಕಾಗುವ ಎಳೆಯ ಗುಂಪು ಬೇಕು ಅವಕ್ಕೆ.

ಎರಡು-ಮೂರು ದಿನಕ್ಕೆ ಮರಿ ಹೊರಬರುತ್ತದೆ. ಕಣ್ಣಿಲ್ಲ, ಕಾಲಿಲ್ಲ, ತಲೆಯೆಂಬುದೂ ಸರಿಯಾಗಿ ಇಲ್ಲ. ಮುಂಭಾಗ ಚೂಪು, ಹಿಂಭಾಗ ದಪ್ಪ, ತಿಳಿಹಸಿರು ಇಲ್ಲವೆ ಕಂದು, ಬೆನ್ನ ಮೇಲೊಂದು ಬಿಳಿಗೆರೆ. ಬೆಳೆದಾಗ ಒಂದು ಸೆಂಟಿಮೀಟರಿನ ಆಸುಪಾಸು. ಇದರ ಬೇಟೆ ನೋಡಬೇಕೆಂದರೆ ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಅಲಸಂದಿ ಸಾಲಿಗೆ ಹೋಗಿ, ಹೇನು ಹತ್ತಿದ ಒಂದು ಸುಳಿ ಹುಡುಕಿ. ಮರಿ ಹಿಂಭಾಗವನ್ನು ದಂಟಿಗೆ ಅಂಟಿಸಿಕೊಂಡು ಮುಂಭಾಗವನ್ನು ಎತ್ತಿ ಎಡಕ್ಕೆ ಬಲಕ್ಕೆ ಬೀಸುತ್ತದೆ. ಕಣ್ಣಿಲ್ಲದ್ದರಿಂದ ತಾಗಿದ್ದೇ ಗತಿ. ಹೇನಿಗೆ ಬಾಯಿ ತಾಗಿದ್ದೇ ಕೊಕ್ಕೆ ಚುಚ್ಚಿ ಅದನ್ನು ದಂಟಿನಿಂದ ಮೇಲಕ್ಕೆ ಎತ್ತಿಬಿಡುತ್ತದೆ. ಹೇನಿನ ಆರೂ ಕಾಲು ಗಾಳಿಯಲ್ಲಿ. ಎತ್ತಿ ಹಿಡಿದುಕೊಂಡೇ ಹೀರುತ್ತದೆ. ಹೇನು ಮೆಲ್ಲಗೆ ಸೊರಗುವುದು, ಹೊಟ್ಟೆ ಒಳಗೆ ಸೇರುವುದು ಕಣ್ಣಿಗೆ ಕಾಣುತ್ತದೆ. ಕೊನೆಗೆ ಬರಿಯ ಸಿಪ್ಪೆಯನ್ನು ಅತ್ತ ಒಗೆದು ತಲೆ ಬೀಸುವುದಕ್ಕೆ ಶುರು. ಪಕ್ಕದಲ್ಲಿರುವ ಹೇನುಗಳು ಏನೂ ಆಗದವರಂತೆ ರಸ ಹೀರುತ್ತಲೇ ಇರುತ್ತವೆ. ಒಂದು ಮರಿ ಬೆಳೆದು ಕೋಶ ಕಟ್ಟುವುದರೊಳಗೆ ಜಾತಿಗೆ, ಹವೆಗೆ ತಕ್ಕಂತೆ 200ರಿಂದ 400 ಹೇನು ತಿನ್ನುತ್ತದೆ. ಅದರಲ್ಲಿ ಬಹುಪಾಲು ಕಡೆಯ ಕೆಲವೇ ದಿನಗಳಲ್ಲಿ. ಇನ್ನೊಂದು ವಿಚಿತ್ರವೆಂದರೆ, ಇಷ್ಟೆಲ್ಲಾ ತಿಂದರೂ ಅದು ನಡುವೆ ಹೊರಕಡೆಗೆ ಹೋಗುವುದಿಲ್ಲ. ಕೋಶ ಕಟ್ಟುವ ಮುನ್ನ ಒಮ್ಮೆಲೇ ಡಾಂಬರಿನಂಥ ಕಪ್ಪು ಹಿಕ್ಕೆ ಹಾಕುತ್ತದೆ. ಎಲೆಯ ಮೇಲೆ ಆ ಕಪ್ಪು ಕಲೆ ಕಂಡರೆ ಹತ್ತಿರದಲ್ಲೇ ಹನಿಯಾಕಾರದ ಕೋಶವನ್ನು ಹುಡುಕಬಹುದು.

ಈ ಮರಿಯನ್ನು ಕಂಡ ರೈತರು ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ. "ಸರ, ಹೇನಿನ ಸಂಗಾಟ ಈ ಹುಳಾನೂ ಬಿದ್ದೈತ್ರಿ, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ನಾನು ಹೇಳುವುದೂ ಒಂದೇ: "ಇದಕ್ಕ ಎಣ್ಣಿ ಬ್ಯಾಡ್ರಿ, ಇದ ಎಣ್ಣಿ."

ಇಷ್ಟಾದರೂ ಹೇನಿನ ಸಂತಾನಶಕ್ತಿಯನ್ನು ಕಡಿಮೆ ಎಣಿಸುವಂತಿಲ್ಲ. 1740ರಲ್ಲಿ ಜಿನೀವಾದ ಷಾರ್ಲ್ ಬೊನೆ ಎಂಬ ಇಪ್ಪತ್ತರ ತರುಣ ಆಗತಾನೆ ಹುಟ್ಟಿದ ಒಂದು ಹೇನನ್ನು ಗಾಜಿನೊಳಗೆ ಒಂಟಿಯಾಗಿಟ್ಟು ಕಾದ. ಗಂಡಿನ ಮುಖವನ್ನೇ ಕಾಣದ ಅದು 95 ಮರಿ ಹಾಕಿತು. ಹೇನು ಮೊಟ್ಟೆಯ ಗೊಡವೆಯಿಲ್ಲದೆ ಹೆಣ್ಣುಮರಿಗಳನ್ನೇ ಹಡೆಯುತ್ತದೆ, ಹುಟ್ಟುವ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಬೆಳೆಯುತ್ತಿರುತ್ತದೆ. ವಾರ-ಹತ್ತು ದಿನಕ್ಕೆ ಒಂದು ತಲೆಮಾರು. ಹೂನೊಣದ ಒಂದು ತಲೆಮಾರಿಗೆ ಸುಮಾರು ಮೂರು ವಾರ ಬೇಕು. ಆದ್ದರಿಂದ ಹೇನು ಮುಂದೆ, ನೊಣ ಹಿಂದೆ, ಇದು ಯಾವಾಗಲೂ ಇರುವ ಅಂತರ. ಆ ನಡುವಿನ ದಿನಗಳಲ್ಲಿ ರೈತನ ಎದೆ ಹೊಡೆದುಕೊಳ್ಳುತ್ತದೆ, ಅಂಗಡಿಗೆ ಓಡುತ್ತಾನೆ. ಮರಿಗಳು ದಪ್ಪಗಾಗಿ ನಿಜವಾದ ಊಟಕ್ಕೆ ಕೂಡುವ ಹೊತ್ತಿಗೇ ಮೇಲಿನಿಂದ ವಿಷದ ಮಳೆ. ಹೇನೂ ಸಾಯುತ್ತದೆ, ಮರಿಯೂ ಸಾಯುತ್ತದೆ. ಎಲೆಯ ಅಡಿಯಲ್ಲಿ ಉಳಿದ ಹತ್ತು ಹೇನು ಹದಿನೈದು ದಿನದಲ್ಲಿ ಮತ್ತೆ ಗಿಡ ತುಂಬುತ್ತವೆ. ಈ ಸಲ ತಿನ್ನುವವರಿಲ್ಲ. ಎರಡನೆಯ ಸಿಂಪರಣೆ ಮೊದಲನೆಯದಕ್ಕಿಂತ ಬೇಗ ಬೇಕಾಗುವುದು ಇದೇ ಕಾರಣಕ್ಕೆ.

ಈ ಊರಿನ ನೇಕಾರರಿಗೆ ಇದರಲ್ಲೇನು ಎಂದು ಹಿಂದಿನ ಸಾಲಿನವರು ಯೋಚಿಸುತ್ತಿರಬಹುದು. ಹತ್ತಿಗೂ ಹೇನಿದೆ. ಕಾಯಿ ಒಡೆದು ಅರಳೆ ಹೊರಬಂದ ಮೇಲೆ ಹೇನೋ ಬಿಳಿನೊಣವೋ ಹೆಚ್ಚಿದರೆ ಅವುಗಳ ಅಂಟುನೀರು ಎಳೆಗಳ ಮೇಲೇ ಬೀಳುತ್ತದೆ. ಆ ಜಿಗುಟು ಅರಳೆ ಗಿರಣಿಯ ಉರುಳೆಗಳಿಗೆ ಸುತ್ತಿಕೊಳ್ಳುತ್ತದೆ, ನೂಲು ಒಂದೇ ಸಮ ಬರುವುದಿಲ್ಲ, ಪದೇ ಪದೇ ಹರಿಯುತ್ತದೆ. ಜಗತ್ತಿನ ನೂಲಿನ ಗಿರಣಿಗಳಿಗೆಲ್ಲ ಇದೊಂದು ಹಳೆಯ ತಲೆನೋವು. ಬನಹಟ್ಟಿಯ ಮಗ್ಗಕ್ಕೆ ಬರುವ ನೂಲಿನ ಗುಣದ ಹಿಂದೆ ಯಾವುದೋ ಊರಿನ ಹತ್ತಿ ಹೊಲದ ಹುಳುಗಳ ಲೆಕ್ಕವೂ ಇರುತ್ತದೆ.

ಹೂನೊಣವನ್ನು ಸಾಕಿ ಹೇನಿನ ಮೇಲೆ ಬಿಡಬಹುದೆಂಬ ಯೋಚನೆಗೆ ಇನ್ನೂರು ವರ್ಷ ದಾಟಿದೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ ವೈದ್ಯನಾಗಿದ್ದವನು. 1800ರಲ್ಲಿ ಅಚ್ಚಾದ ತನ್ನ 'ಫೈಟೊಲೊಜಿಯಾ' ಎಂಬ ಕೃಷಿಗ್ರಂಥದಲ್ಲಿ ಗಾಜಿನಮನೆಯ ಹೇನನ್ನು ಅಳಿಸಲು ಈ ನೊಣದ ಮರಿಗಳನ್ನು ಹೆಚ್ಚಿಸುವುದೇ ಜಾಣ ಉಪಾಯವೆಂದು ಬರೆದ. ಇಂದು ಸ್ಪೇನಿನ ಅಲ್ಮೇರಿಯಾದ ಹಸಿರುಮನೆಗಳ ದೊಣ್ಣೆಮೆಣಸಿಗೆ ಹೂನೊಣದ ಕೋಶಗಳನ್ನು ಹಣ ಕೊಟ್ಟು ತರುತ್ತಾರೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಸಾವಯವ ಲೆಟ್ಯೂಸ್ ಬೆಳೆಯುವವರು ಸೊಪ್ಪಿನ ನಡುನಡುವೆ ಅಲಿಸಂ ಎಂಬ ಬಿಳಿ ಹೂವಿನ ಗಿಡ ಹಾಕುತ್ತಾರೆ. ಮಾರುವ ಭೂಮಿಯಲ್ಲಿ ಮಾರದ ಗಿಡ. ನೊಣಕ್ಕೆ ಪರಾಗ ಸಿಗಲಿ ಎಂದಷ್ಟೇ. 2019ರಲ್ಲಿ ಕಾರ್ಲ್ ವೊಟನ್ ಮತ್ತು ಸಂಗಡಿಗರು ರಾಡಾರ್ ದಾಖಲೆ ಹಿಡಿದು ಲೆಕ್ಕ ಹಾಕಿದರು: ದಕ್ಷಿಣ ಇಂಗ್ಲೆಂಡಿನ ಆಕಾಶದಲ್ಲಿ ಎರಡೇ ಜಾತಿಯ ಹೂನೊಣಗಳು ವರ್ಷಕ್ಕೆ 400 ಕೋಟಿಯ ತನಕ ವಲಸೆ ಬಂದು ಹೋಗುತ್ತವೆ, ಅವುಗಳ ಮರಿಗಳು ತಿನ್ನುವ ಹೇನು 3ರಿಂದ 10 ಲಕ್ಷ ಕೋಟಿ. ನಮ್ಮ ಬಯಲುಸೀಮೆಯ ಮೇಲೂ ಇಂಥ ರಾಡಾರ್ ಕಣ್ಣು ತಿರುಗಿದರೆ ಚೆನ್ನಾಗಿತ್ತು.

ನೊಣವನ್ನು ನಂಬಿ ಕೂಡಬಾರದ ಜಾಗಗಳೂ ಇವೆ. ಪಪ್ಪಾಯಿಯ ಉಂಗುರಚುಕ್ಕೆ ರೋಗ, ಬಾಳೆಯ ಗೊಂಚಲು ತುದಿ ರೋಗ, ಮೆಣಸಿನಗಿಡದ ಕೆಲವು ಮೊಸಾಯಿಕ್‌ಗಳು ಹೇನಿನಿಂದ ಹರಡುವ ನಂಜುರೋಗಗಳು. ಪಪ್ಪಾಯಿಯಲ್ಲಂತೂ ಹಾರಿಬಂದ ಹೇನು ಒಂದೆರಡು ಸಲ ರುಚಿ ನೋಡಿದರೆ ಸಾಕು, ನಂಜು ಏರಿತು. ಹೂನೊಣ ಬಂದು ಮರಿ ಮಾಡಿ ತಿನ್ನುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅಲ್ಲಿ ಒಳ್ಳೆಯ ಸಸಿ, ರೋಗದ ಗಿಡ ಕೀಳುವುದು, ಸುತ್ತ ಎತ್ತರದ ಗೋವಿನಜೋಳದ ಬೇಲಿ, ಇವೇ ದಾರಿ. ಹೂನೊಣಕ್ಕೂ ವೈರಿಗಳುಂಟು. ಡಿಪ್ಲಜೋನ್ ಎಂಬ ಕಣಜ ಇದರ ಮೊಟ್ಟೆ ಇಲ್ಲವೆ ಎಳೆಮರಿಯೊಳಗೆ ತನ್ನ ಮೊಟ್ಟೆ ತೂರಿಸುತ್ತದೆ. ಮರಿ ಹೇನು ತಿಂದು ಬೆಳೆದು ಕೋಶ ಕಟ್ಟುತ್ತದೆ, ಕೋಶದಿಂದ ಹೊರಬರುವುದು ಮಾತ್ರ ಕಣಜ. ಖಾಲಿ ಕೋಶ ಸಿಕ್ಕರೆ ನೋಡಿ: ದಪ್ಪ ತುದಿ ಮುಚ್ಚಳದಂತೆ ಬಿಚ್ಚಿಕೊಂಡಿದ್ದರೆ ನೊಣ ಹಾರಿದೆ, ಗೋಡೆಯನ್ನು ಕಡಿದು ತೂತು ಮಾಡಿದ್ದರೆ ಕಣಜ ಹೋಗಿದೆ.

ಇನ್ನು ನಾವು ಮಾಡಬೇಕಾದ್ದು. ಪರಾಗವಿಲ್ಲದೆ ಮೊಟ್ಟೆಯಿಲ್ಲ ಎಂದೆನಲ್ಲ. ಹರದಾರಿಗಟ್ಟಲೆ ಬರೀ ಕಬ್ಬಿರುವ ಕಡೆ ನೊಣಕ್ಕೆ ಪರಾಗ ಎಲ್ಲಿಂದ? ಕಬ್ಬು ಹೂಬಿಡುವುದನ್ನು ರೈತನೂ ಬಯಸುವುದಿಲ್ಲ, ಕಾರ್ಖಾನೆಯವರೂ ಬಯಸುವುದಿಲ್ಲ. ಬದುವಿನಲ್ಲಿ ಬೆಳೆಯುತ್ತಿದ್ದ ಕಸಕ್ಕೆ ಕಳೆನಾಶಕ, ಬದುವೇ ಉಳಿಯದ ಕಡೆ ಟ್ರ್ಯಾಕ್ಟರ್. ಹಿಂದಿನವರ ಅಕ್ಕಡಿ ಸಾಲಿನಲ್ಲಿ ಈ ಲೆಕ್ಕ ತಾನಾಗಿಯೇ ಇತ್ತು. ಜೋಳದ ಅಂಚಿಗೆ ದನ ನುಗ್ಗದಿರಲೆಂದು ಮುಳ್ಳಿನ ಕುಸುಬಿ, ಕಡಲೆಯ ನಡುವೆ ಹವೀಜ, ಅಂದರೆ ಕೊತ್ತಂಬರಿ. ಕಡಲೆಯಲ್ಲಿ ಹವೀಜ ಬೆರೆಸಿದರೆ ಕಾಯಿಕೊರಕದ ವೈರಿಗಳು ಹೆಚ್ಚುತ್ತವೆಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಹೂನೊಣದ ಬಾಯಿ ಗಿಡ್ಡ, ಆಳದ ಹೂವಿನ ಜೇನು ಅದಕ್ಕೆ ಎಟುಕದು. ಕೊಡೆಯಂತೆ ಬಿಚ್ಚಿಕೊಳ್ಳುವ ಹವೀಜ, ಅಜವಾನ, ಬಡೆಸೋಪು, ಗಜ್ಜರಿಯ ಹೂಗಳೇ ಸರಿ. ಇವು ಅಡುಗೆಮನೆಗೂ ಬರುತ್ತವೆ, ನಷ್ಟವೇನಿಲ್ಲ.

ಎಣ್ಣಿಯ ವಿಷಯದಲ್ಲಿ ನನ್ನದು ಕಟ್ಟಾ ವಿರೋಧವಲ್ಲ. ಅನಿವಾರ್ಯವಾದಾಗ ಹೊಡೆಯಿರಿ, ಹತ್ತಿದ ಸಾಲಿಗಷ್ಟೇ ಹೊಡೆಯಿರಿ. ಹೂವಿರುವಾಗ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದ ಒಳಸೇರುವ ವಿಷ ಬೇಡ, ಅದು ಮಕರಂದಕ್ಕೂ ಪರಾಗಕ್ಕೂ ಏರುತ್ತದೆ. ಶೇಕಡಾ 5ರ ಬೇವಿನಬೀಜದ ಕಷಾಯ ಇವುಗಳಿಗಿಂತ ಮೆದು. ಮರಿಹುಳುಗಳ ಮೈಮೇಲೆ ನೇರ ಬಿದ್ದರೆ ಅದರಿಂದಲೂ ತೊಂದರೆಯೇ. ಮತ್ತೊಂದು, ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದು. ಆ ಬೆಂಕಿಯಲ್ಲಿ ಮಣ್ಣಿನ ಸಾವಯವ ಇಂಗಾಲ ಹೋಗುತ್ತದೆಂಬುದನ್ನು ಎಲ್ಲರೂ ಹೇಳುತ್ತಾರೆ. ಒಣಸೋಗೆಗೆ ಅಂಟಿಕೊಂಡ ಡೈಫಾ ಕೋಶ, ಮೈಕ್ರೋಮಸ್ ಗೂಡು, ಹೂನೊಣದ ಹನಿಗಳೂ ಸುಟ್ಟುಹೋಗುತ್ತವೆ. ಮುಂದಿನ ಹಂಗಾಮಿಗೆ ಹೇನು ಎಲ್ಲಿಂದಲಾದರೂ ಹಾರಿ ಬಂದೀತು, ಇವು ಮೊದಲಿಂದ ಶುರುಮಾಡಬೇಕು.

ಕಾರ್ಖಾನೆಗಳ ಕಬ್ಬು ವಿಭಾಗದವರು ಇಲ್ಲಿದ್ದೀರಿ, ಕಾಲೇಜಿನ ಮೇಷ್ಟ್ರುಗಳೂ ಇದ್ದೀರಿ. ಊರೂರಿಗೆ ಕೀಟನಾಶಕದ ಭಿತ್ತಿಪತ್ರ ಹಚ್ಚುವಂತೆ ಹೂನೊಣ, ಡೈಫಾ, ಮೈಕ್ರೋಮಸ್‌ಗಳ ಮರಿಯ ಬಣ್ಣದ ಚಿತ್ರವನ್ನೂ ತೂಕದ ಸೇತುವೆಯ ಹತ್ತಿರ, ಸೊಸೈಟಿಯ ಗೋಡೆಗೆ ಹಚ್ಚಿಸಿ. ರೈತಬಂಧುಗಳಲ್ಲಿ ಕೇಳುವುದು ಇಷ್ಟು: ಹೇನು ಕಂಡ ದಿನವೇ ಅಂಗಡಿಗೆ ಹೋಗಬೇಡಿ. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡದ ಸುಳಿ, ಎಲೆಯ ಅಡಿ ತಿರುವಿ ನೋಡಿ. ಅರ್ಧದಷ್ಟು ಗಿಡಗಳಲ್ಲಿ ಈ ಮರಿಹುಳು ಕಂಡರೆ ಒಂದು ವಾರ ತಡೆಯಿರಿ, ಆಮೇಲೆ ಮತ್ತೆ ನೋಡಿ ತೀರ್ಮಾನಿಸಿ. ಈ ಹಿಂಗಾರಿಗೆ ಬದುವಿನ ಮಗ್ಗುಲಿಗೆ ಒಂದು ಸಾಲು ಹವೀಜ ಬಿತ್ತಿ, ಅದು ಹೂಬಿಡುವ ತನಕ ಕೀಳದೆ ಬಿಡಿ.